ಬೀಗದ ಚಿತ್ರ ಮತ್ತು ಹದಿನೇಳು ಬಾಣಂತಿಯರು

ನರಿಕೊಂಬಿನ ಮದ್ದಿನ ಅಕ್ಕ ಬೆಳಿಗ್ಗೆ ಫೋನ್ ಮಾಡುವವರಲ್ಲ. ಬೆಳಿಗ್ಗೆ ಅವರ ಒಲೆಯ ಮೇಲೆ ಏನಾದರೊಂದು ಕುದಿಯುತ್ತಾ ಇರುತ್ತದೆ. ಆ ದಿನ ಮಾತ್ರ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಇರುವ ನನ್ನ ಕೋಣೆಯ ಶಟರ್ ಎತ್ತುವ ಮೊದಲೇ ಅವರ ಕರೆ ಬಂತು.

“ನಮ್ಮ ಪೇಜಿನಲ್ಲಿ ಅದೆಂಥ ಹಾಳು ಜಾಹೀರಾತು ಹಾಕಿದ್ದು ನೀನು ಮಾರಾಯ? ನನಗೆ ಮುಖ ಎತ್ಲಿಕ್ಕೆ ಆಗ್ತಾ ಇಲ್ಲ.”

ನಾನು ಯಾವ ಜಾಹೀರಾತನ್ನೂ ಹಾಕಿರಲಿಲ್ಲ. ಅವರು ಕಳಿಸಿದ ಚಿತ್ರ ನೋಡಿದೆ. ಗಿರಾಕಿಯೊಬ್ಬರು ತಮ್ಮ ಮೊಬೈಲಿನಲ್ಲಿ ಕಂಡದ್ದನ್ನು ಹಾಗೆಯೇ ಹಿಡಿದು ಕಳಿಸಿದ್ದರು. ಮೇಲೆ ಬಾಣಂತಿ ಲೇಹ್ಯದ ಬಾಟಲಿ, ಕೆಳಗೆ ಇಸ್ಪೀಟು ಎಲೆ ಹಿಡಿದು ನಗುವ ಅರೆಬಟ್ಟೆಯ ಹುಡುಗಿ. ‘ಇಂಥದ್ದಕ್ಕೆಲ್ಲ ನೀವೂ ಇಳಿದಿರಾ ಅಕ್ಕ’ ಎಂದು ಅಡಿಯಲ್ಲಿ ಒಂದು ಪ್ರಶ್ನೆ.

ಅಕ್ಕನ ಪರಿಚಯ ಇಲ್ಲಿ ಸ್ವಲ್ಪ ಹೇಳಬೇಕು. ಅರುವತ್ತು ದಾಟಿದ ಹೆಂಗಸು. ಹೆರಿಗೆಯಾದವರಿಗೆ ಲೇಹ್ಯ, ಎಣ್ಣೆ, ಕಷಾಯದ ಪುಡಿ ಮಾಡುವುದು ಅವರ ಕೆಲಸ. ಅವರ ಅಂಗಡಿಯ ವೆಬ್‌ಸೈಟನ್ನು ಏಳು ವರ್ಷಗಳ ಹಿಂದೆ ಮಾಡಿಕೊಟ್ಟವನು ನಾನು. ಉಳಿದ ಆನ್‌ಲೈನ್ ಅಂಗಡಿಗಳ ಹಾಗೆ ಅಲ್ಲಿ ಗುಂಡಿ ಒತ್ತಿದ ಕೂಡಲೇ ಸಾಮಾನು ಹೊರಡುವುದಿಲ್ಲ. ಮೊದಲು ಒಂದು ಅರ್ಜಿ ತುಂಬಬೇಕು. ಹೆರಿಗೆಯಾಗಿ ಎಷ್ಟು ದಿನ, ಸಹಜವೋ ಆಪರೇಷನ್ನೋ, ಡಾಕ್ಟರರು ಕೊಟ್ಟ ಮಾತ್ರೆ ಯಾವುದು, ಮಗು ಎದೆಹಾಲು ಕುಡಿಯುತ್ತದೆಯೇ. ಕೊನೆಗೆ ‘ಬೇರೆ ಏನಾದರೂ ಹೇಳಲಿಕ್ಕಿದ್ದರೆ’ ಎಂದು ಒಂದು ಖಾಲಿ ಪೆಟ್ಟಿಗೆ. ಅರ್ಜಿ ಅಕ್ಕನ ಮೊಬೈಲಿಗೆ ಇಮೇಲಾಗಿ ಬರುತ್ತದೆ. ಅದೇ ದಿನ ಸಂಜೆಯೊಳಗೆ ಅಕ್ಕ ಸ್ವತಃ ಫೋನ್ ಮಾಡಿ, ಮಾತಾಡಿ, ಆಮೇಲೆ ಮದ್ದು ಕಳಿಸುತ್ತಾರೆ. ಡಾಕ್ಟರರನ್ನು ಕೇಳಿ ಎಂದೋ, ನಿನಗೆ ಇದು ಬೇಡ ಎಂದೋ ಹೇಳುವುದೂ ಉಂಟು. ಈ ಏಳು ವರ್ಷಗಳಲ್ಲಿ ಅವರು ಕರೆ ಮಾಡದೆ ಬಿಟ್ಟ ಅರ್ಜಿ ಒಂದೂ ಇಲ್ಲ.

ಜಾಹೀರಾತು ಎಲ್ಲಿಂದ ಬಂತು ಎಂದು ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಸೈಟು ಇನ್ನೂ ಹಳೆಯ ಎಚ್‌ಟಿಟಿಪಿಯಲ್ಲೇ ಇತ್ತು. ಆ ದಾರಿಯಲ್ಲಿ ಹೋಗುವ ಪುಟ ಅಂಚೆ ಕಾರ್ಡಿನ ಹಾಗೆ. ನಡುವೆ ಕೈಗೆ ಸಿಕ್ಕವರು ಓದಬಹುದು, ಬೇಕಾದರೆ ಎರಡು ಸಾಲು ಸೇರಿಸಲೂಬಹುದು. ಆ ಗಿರಾಕಿಯ ಇಂಟರ್ನೆಟ್ ಸೇವೆಯವರು ಹಾದಿಯಲ್ಲಿ ತಮ್ಮ ಜಾಹೀರಾತು ಅಂಟಿಸಿದ್ದರು. ಇದನ್ನು ಅಕ್ಕನಿಗೆ ವಿವರಿಸಿ, ತಪ್ಪು ನನ್ನದಲ್ಲ ಎಂದು ಸಾಧಿಸಿ, ನಾನು ಗೆದ್ದವನಂತೆ ಕುಳಿತಿದ್ದೆ. ಅಕ್ಕ ಕೇಳಿದ್ದು ಬೇರೆ.

“ಹಾಗಾದರೆ ಹೆಣ್ಮಕ್ಕಳು ಬರೆದು ಕಳಿಸುವುದನ್ನೂ ಯಾರಾದರೂ ಓದ್ಬಹುದಾ?”

“ಓದ್ಬಹುದು ಅಕ್ಕ.”

“ಏಳು ವರ್ಷದಿಂದ?”

ಹೌದು ಎಂದೆ. ಮದುವೆ ಮಂಟಪದ ಸೈಟು, ಹಾಸ್ಟೆಲಿನ ಸೈಟು, ಚಿನ್ನದಂಗಡಿಯ ಸೈಟು ಎಂದು ಎಲ್ಲವನ್ನೂ ನಾನು ಒಂದೊಂದಾಗಿ ಸುರಕ್ಷಿತ ಎಚ್‌ಟಿಟಿಪಿಎಸ್‌ಗೆ ಬದಲಿಸಿಯಾಗಿತ್ತು. ಅಕ್ಕನದನ್ನು ಮಾತ್ರ ‘ಅಲ್ಲಿ ಬ್ಯಾಂಕ್ ಕಾರ್ಡು ಗೀರ್ಡು ಏನಿಲ್ಲವಲ್ಲ’ ಎಂದು ಕೊನೆಗೆ ಇಟ್ಟಿದ್ದೆ. ಹೆಂಗಸರು ತಮ್ಮ ಮೈಯ ವಿಷಯ ಬರೆಯುವ ಅರ್ಜಿಯನ್ನು ನಾನು ಕಾರ್ಡಿನ ನಂಬರಿಗಿಂತ ಕೆಳಗೆ ಹಿಡಿದಿದ್ದೆ. ನಾಚಿಕೆಯಾಯಿತು. ಮರುದಿನವೇ ಲ್ಯಾಪ್‌ಟಾಪ್ ಹಿಡಿದುಕೊಂಡು ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದೆ. ಅಕ್ಕನ ಮೊಬೈಲು, ಅಕ್ಕನ ಪಾಸ್‌ವರ್ಡುಗಳ ಪುಸ್ತಕ ಎರಡೂ ನರಿಕೊಂಬಿನಲ್ಲೇ ಇದ್ದುದರಿಂದ ಅಲ್ಲಿ ಕುಳಿತೇ ಕೆಲಸ ಮುಗಿಸುವ ಎಂದು ನನ್ನ ಲೆಕ್ಕಾಚಾರ.

ಮೊದಲು ಸೈಟಿನ ಹೆಸರಿಗೆ ಪ್ರಮಾಣಪತ್ರ ಬೇಕು. ಈ ಹೆಸರು ಇವರದೇ ಎಂದು ಬ್ರೌಸರಿಗೆ ಸಾಕ್ಷಿ ಹೇಳುವ ಕಡತ ಅದು. ಅದನ್ನು ಪಡೆದು ಸರ್ವರಿಗೆ ಏರಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯಿತು, ಆದರೆ ವಿಳಾಸದ ಪಕ್ಕದಲ್ಲಿ ಬರಬೇಕಾದ ಬೀಗದ ಚಿತ್ರ ಬರಲಿಲ್ಲ. ಪುಟ ಸುರಕ್ಷಿತ ದಾರಿಯಲ್ಲಿ ಬಂದರೂ ಅದರೊಳಗಿನ ಬಾಟಲಿಗಳ ಫೋಟೊಗಳು ಇನ್ನೂ ಹಳೆಯ ದಾರಿಯಲ್ಲೇ ಬರುತ್ತಿದ್ದವು. ಹಿಂದೆ ನಾನೇ ಪ್ರತಿ ಫೋಟೊದ ವಿಳಾಸವನ್ನೂ ಪೂರ್ತಿಯಾಗಿ, ಹಳೆಯ ರೀತಿಯಲ್ಲಿ ಬರೆದಿಟ್ಟಿದ್ದೆ. ಇಡೀ ಡೇಟಾಬೇಸಿನ ಒಂದು ಪ್ರತಿ ತೆಗೆದಿಟ್ಟು, ಹುಡುಕಿ ಬದಲಿಸುವ ಆಜ್ಞೆ ಕೊಟ್ಟೆ. ಬೀಗ ಬಂತು.

“ನೋಡಿ ಅಕ್ಕ, ಬೀಗ!” ಎಂದೆ. ಅಕ್ಕ ತಮ್ಮ ಮೊಬೈಲಿನಲ್ಲಿ ತೆರೆದರು. ಅಲ್ಲಿ ಪುಟದ ತುಂಬ ಕೆಂಪು ಬಣ್ಣ, ನಿಮ್ಮ ಮಾಹಿತಿಯನ್ನು ಯಾರೋ ಕದಿಯಲು ನೋಡುತ್ತಿರಬಹುದು ಎಂಬ ಎಚ್ಚರಿಕೆ.

“ಏಳು ವರ್ಷ ಬರದ ಕಳ್ಳ ನೀನು ಬೀಗ ಹಾಕಿದ ಮೇಲೆ ಬಂದನಾ?”

ತಪ್ಪು ನನ್ನದೇ. ಪ್ರಮಾಣಪತ್ರದ ಜತೆಗೆ, ಅದನ್ನು ಕೊಟ್ಟವರು ಯಾರು ಎಂದು ತೋರಿಸುವ ನಡುವಿನ ಕೊಂಡಿಯ ಕಡತವನ್ನೂ ಏರಿಸಬೇಕಿತ್ತು. ಲ್ಯಾಪ್‌ಟಾಪು ಅದನ್ನು ಎಲ್ಲಿಂದಲೋ ಹೊಂದಿಸಿಕೊಂಡಿತ್ತು, ಅಕ್ಕನ ಮೊಬೈಲಿಗೆ ಆ ಚಾಣಾಕ್ಷತನ ಇರಲಿಲ್ಲ. ಕೊಂಡಿ ಸೇರಿಸಿದೆ, ಕೆಂಪು ಹೋಯಿತು. ಆಮೇಲೆ ಪರೀಕ್ಷೆಗೆಂದು ನನ್ನ ಹೆಂಡತಿಯ ಹೆಸರಿನಲ್ಲಿ ಅರ್ಜಿ ತುಂಬಿ, ಹೆರಿಗೆಯಾಗಿ ಎಂಟು ದಿನ ಎಂದು ಬರೆದು ಕಳಿಸಿದೆ. ಅಕ್ಕನ ಮೊಬೈಲು ಸದ್ದು ಮಾಡಿತು.

“ನಿನ್ನ ಮಗಳು ಹೈಸ್ಕೂಲಿಗೆ ಹೋಗ್ತಾಳೆ ಅಂತ ಹೇಳಿದ್ದಿ. ಇದು ಯಾವಾಗ ಮಾರಾಯ?” ಎಂದು ಅಕ್ಕ ನಕ್ಕರು. ನಾನೂ ನಕ್ಕೆ. ಆ ಇಡೀ ಕೆಲಸದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಮೂಡುಬಿದಿರೆಗೆ ಮರಳಲು ಹತ್ತಿರದ ಬಿ.ಸಿ. ರೋಡಿನಿಂದ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಹೊರಡುವ ಮೊದಲು ಇನ್ನೊಂದು ಸಣ್ಣ ಕೆಲಸ ಉಳಿದಿತ್ತು. ನಮ್ಮ ಸೈಟಿಗೆ ಎರಡು ವಿಳಾಸಗಳಿದ್ದವು, ಶುರುವಿನಲ್ಲಿ ಮೂರು ಡಬ್ಲ್ಯು ಇರುವುದೊಂದು, ಇಲ್ಲದ್ದೊಂದು. ಎರಡಕ್ಕೂ ಬಂದವರನ್ನು ಡಬ್ಲ್ಯು ಇಲ್ಲದ ವಿಳಾಸಕ್ಕೇ ಕಳಿಸುವಂತೆ ಸರ್ವರಿನಲ್ಲಿ ಒಂದು ಸಾಲು ಬರೆದೆ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಮುಖಪುಟ ತೆರೆದು ನೋಡಿದೆ, ಬೀಗ ಇತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಅರ್ಜಿಯನ್ನು ಇನ್ನೊಮ್ಮೆ ತುಂಬಿ ನೋಡಲಿಲ್ಲ.

ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿದರು. “ಎಂತ ಮಾರಾಯ, ನೀನು ಹೋದ ಮೇಲೆ ಒಂದೂ ಬರ್ಲಿಲ್ಲ.”

“ಆಟಿ ಅಲ್ವಾ ಅಕ್ಕ,” ಎಂದೆ.

“ಹೌದು. ಆಟಿ,” ಎಂದರು ಅವರು.

ಆಟಿ ಎಂದರೆ ಮಳೆಗಾಲದ ನಡುವೆ ಬರುವ ತುಳು ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ಕೆಲಸ ಯಾವುದನ್ನೂ ಯಾರೂ ಹಿಡಿಯುವುದಿಲ್ಲ. ನನ್ನ ಗಿರಾಕಿಗಳಲ್ಲಿ ಮದುವೆ ಮಂಟಪದವರೂ ಚಿನ್ನದಂಗಡಿಯವರೂ ಆ ತಿಂಗಳು ನೊಣ ಹೊಡೆಯುತ್ತಾ ಕುಳಿತಿರುತ್ತಾರೆ. ಅವರೆಲ್ಲರ ಸೈಟುಗಳನ್ನು ನೋಡಿಕೊಳ್ಳುವ ನನಗೆ ಆಟಿಯ ಮೌನ ಅಷ್ಟು ಅಭ್ಯಾಸವಾಗಿತ್ತು. ಇದು ಬೇರೆ ಊರಿನವನ ಕೈಯಲ್ಲಿದ್ದರೆ ಎರಡನೆಯ ದಿನವೇ ಏನೋ ಕೆಟ್ಟಿದೆ ಎಂದು ನೋಡುತ್ತಿದ್ದ. ನಾವು ತುಳುನಾಡಿನವರು, ಅಕ್ಕನೂ ನಾನೂ ತಿಂಗಳ ಹೆಸರು ಹೇಳಿ ಸಮಾಧಾನ ಮಾಡಿಕೊಂಡೆವು. ಹಿಂದಿನ ವರ್ಷದ ಆಟಿಯಲ್ಲಿ ಎಷ್ಟು ಅರ್ಜಿ ಬಂದಿತ್ತು ಎಂದು ಅಕ್ಕನ ಇಮೇಲಿನಲ್ಲಿ ನೋಡುವುದು ಎರಡು ನಿಮಿಷದ ಕೆಲಸ. ಅದನ್ನೂ ಮಾಡಲಿಲ್ಲ.

ಒಂಬತ್ತನೆಯ ದಿನ ವೇಣೂರಿನಿಂದ ಒಬ್ಬ ತಾಯಿ ಎರಡು ಬಸ್ಸು ಬದಲಿಸಿ ನರಿಕೊಂಬಿಗೆ ಬಂದು ಅಕ್ಕನ ಜಗಲಿಯಲ್ಲಿ ಕುಳಿತರು. ಮಗಳು ಅರ್ಜಿ ತುಂಬಿ ಆರು ದಿನವಾಯಿತು, ಮೊದಲ ಹೆರಿಗೆಗೆ ಅದೇ ಸಂಜೆ ಫೋನ್ ಮಾಡಿದವರು ಈ ಸಲ ಯಾಕೆ ಮಾಡಲಿಲ್ಲ, ನಮ್ಮಿಂದ ಏನಾದರೂ ತಪ್ಪಾಯಿತಾ ಎಂದು ಕೇಳಿದರಂತೆ. ಅವರನ್ನು ಅಲ್ಲೇ ಕೂರಿಸಿ ಅಕ್ಕ ನನಗೆ ಕರೆ ಮಾಡಿದರು.

“ಹೆರಿಗೆಗೆ ಆಟಿ ಉಂಟಾ?”

ಅಷ್ಟೇ ಕೇಳಿ ಫೋನ್ ಇಟ್ಟರು.

ಸರ್ವರಿನ ಲಾಗ್ ತೆರೆದೆ. ಯಾರು ಯಾವಾಗ ಯಾವ ಪುಟಕ್ಕೆ ಬಂದರು ಎಂದು ಸರ್ವರು ತಾನಾಗಿ ಬರೆದುಕೊಳ್ಳುವ ದಿನಚರಿ ಅದು. ಅರ್ಜಿಯ ಸಾಲುಗಳು ಜೋಡಿ ಜೋಡಿಯಾಗಿ ಇದ್ದವು, ಒಂದು ಡಬ್ಲ್ಯು ಇರುವ ವಿಳಾಸದ್ದು, ಒಂದು ಇಲ್ಲದ್ದರದ್ದು. ನೋಡಿದ ಕೂಡಲೇ ಅರ್ಥವಾಯಿತು. ಅರ್ಜಿಯ ಗುಂಡಿಗೆ ನಾನು ಸೈಟು ಮಾಡುವಾಗಲೇ ಮೂರು ಡಬ್ಲ್ಯು ಇರುವ ವಿಳಾಸ ಕೊಟ್ಟಿದ್ದೆ. ಹೆಂಗಸು ಗುಂಡಿ ಒತ್ತಿದಾಗ ಅರ್ಜಿ ಆ ವಿಳಾಸಕ್ಕೆ ಹೋಗುತ್ತದೆ. ನಾನು ಬಸ್ಸಿನ ಗಡಿಬಿಡಿಯಲ್ಲಿ ಬರೆದ ಸಾಲು, ಇಲ್ಲಿ ಅಲ್ಲ, ಹೊಸ ವಿಳಾಸಕ್ಕೆ ಹೋಗು ಎನ್ನುತ್ತದೆ. ಬ್ರೌಸರು ಹೋಗುತ್ತದೆ, ಆದರೆ ಕೈಯಲ್ಲಿದ್ದ ಅರ್ಜಿಯನ್ನು ಹಳೆಯ ಬಾಗಿಲಲ್ಲೇ ಬಿಟ್ಟು ಬರಿಗೈಯಲ್ಲಿ ಹೋಗುತ್ತದೆ. ಆ ಬಗೆಯ ರೀಡೈರೆಕ್ಟಿನ ಗುಣವೇ ಹಾಗೆ, ನನಗೆ ಅದು ಗೊತ್ತಿಲ್ಲದ್ದೇನೂ ಅಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬರಿಗೈಯಲ್ಲಿ ಬಂದವರಿಗೂ ನನ್ನ ಪುಟ, ‘ನಿಮ್ಮ ಅರ್ಜಿ ತಲುಪಿದೆ. ಇಂದು ಸಂಜೆಯೊಳಗೆ ಅಕ್ಕ ಕರೆ ಮಾಡುತ್ತಾರೆ’ ಎಂದು ತೋರಿಸುತ್ತಿತ್ತು. ಅರ್ಜಿ ನಿಜವಾಗಿ ಬಂದಿದೆಯೇ ಎಂದು ನೋಡುವ ಕಷ್ಟವನ್ನು ಏಳು ವರ್ಷಗಳ ಹಿಂದೆ ನಾನು ತೆಗೆದುಕೊಂಡಿರಲಿಲ್ಲ.

ಜೋಡಿ ಸಾಲುಗಳನ್ನು ಎಣಿಸಿದೆ. ಹದಿನೇಳು.

ಸರಿಪಡಿಸಲು ಐದು ನಿಮಿಷ ಸಾಕಾಯಿತು. ಈ ಸಲ ಮೂರು ಬೇರೆ ಬೇರೆ ಮೊಬೈಲಿನಿಂದ ಅರ್ಜಿ ತುಂಬಿ, ತಲುಪಿತೇ ಎಂದು ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಸರ್ವರ್ ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿ, ಕಳೆದುಹೋದ ಅರ್ಜಿಗಳು ಎಲ್ಲಾದರೂ ಸಿಕ್ಕಾವೇ ಎಂದು ಕೇಳಿದೆ. ಅಲ್ಲಿನ ಹೆಣ್ಣುಮಗಳು ಸಮಾಧಾನದಿಂದಲೇ ಹೇಳಿದಳು, “ಸರ್, ಉಳಿಸದೇ ಇದ್ದದ್ದನ್ನು ತೆಗೆದುಕೊಡಲು ನಮಗೆ ಆಗುವುದಿಲ್ಲ.” ಲಾಗಿನಲ್ಲಿ ಇದ್ದದ್ದು ಹೊತ್ತು ಮತ್ತು ಮೊಬೈಲು ಜಾಲದ ಅಂಕಿಗಳು ಮಾತ್ರ. ಹೆಸರಿಲ್ಲ, ನಂಬರಿಲ್ಲ, ಊರಿಲ್ಲ.

ಮಧ್ಯಾಹ್ನದ ಬಸ್ಸಿಗೆ ನರಿಕೊಂಬಿಗೆ ಹೋದೆ. ಬೈಯುತ್ತಾರೆ ಎಂದು ತಯಾರಾಗಿದ್ದೆ. ಅಕ್ಕ ಬೈಯಲಿಲ್ಲ. “ಹದಿನೇಳು ಹೆಣ್ಮಕ್ಕಳು ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾರೆ,” ಎಂದರು. ಆಮೇಲೆ, “ಆ ಬೀಗ ಬೇಡ. ಮೊದಲಿನ ಹಾಗೆಯೇ ಮಾಡಿ ಹೋಗು,” ಎಂದರು.

ಆಯ್ತು ಎಂದುಬಿಡೋಣ ಅನ್ನಿಸಿತು. ಸಾಕಾಗಿ ಹೋಗಿತ್ತು. ಹಳೆಯ ಪ್ರತಿ ಇತ್ತು, ಹಿಂದಕ್ಕೆ ಹಾಕಿದರೆ ಅಲ್ಲಿಗೆ ನನ್ನ ತಲೆನೋವು ಮುಗಿಯುತ್ತಿತ್ತು. ಆದರೆ ಅವರೇ ಮೊದಲ ದಿನ ಕೇಳಿದ ಪ್ರಶ್ನೆಗೆ ಆಗ ಮತ್ತೆ ಅದೇ ಉತ್ತರ ಕೊಡಬೇಕಾಗುತ್ತಿತ್ತು. “ಹಾಗೆ ಮಾಡಿದರೆ ಬರೆಯುವವರದ್ದನ್ನು ಪುನಃ ಯಾರಾದರೂ ಓದ್ಬಹುದು ಅಕ್ಕ. ಬೀಗ ಇರಲಿ. ಬೀಗದ್ದು ತಪ್ಪಲ್ಲ, ನನ್ನದು,” ಎಂದೆ. ಅಕ್ಕ ನನ್ನ ಮುಖ ನೋಡಿದರು. “ಹಾಗಾದರೆ ಅವರನ್ನು ಹುಡುಕುವ,” ಎಂದರು.

ಹುಡುಕುವುದು ಹೇಗೆ? ಮುಖಪುಟದಲ್ಲಿ ಒಂದು ಪ್ರಕಟಣೆ ಹಾಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಾನು ಬರೆದೆ: ‘ತಾಂತ್ರಿಕ ಕಾರಣಗಳಿಂದ ಕೆಲವು ಅರ್ಜಿಗಳು ವಿಳಂಬವಾಗಿರುವ ಸಾಧ್ಯತೆಯಿದ್ದು, ಗ್ರಾಹಕರು ಸಹಕರಿಸಬೇಕಾಗಿ ವಿನಂತಿ.’ ಓದಿ ಹೇಳಿದೆ.

“ತಾಂತ್ರಿಕ ಅಂದ್ರೆ ಯಾರು?” ಎಂದರು ಅಕ್ಕ. “ಅವನ ಹೆಸರು ಹಾಕು.”

ನಗು ಬರುವ ಮಾತು, ಆದರೆ ಅವರು ನಗಿಸಲಿಕ್ಕೆ ಹೇಳಿದ್ದಲ್ಲ. ನನಗೆ ಒಳಗೊಳಗೇ ಹೆದರಿಕೆಯಿತ್ತು. ಹೊಸ ಗಿರಾಕಿಗಳಿಗೆ ಮಾದರಿ ಎಂದು ನಾನು ತೋರಿಸುವುದು ಅಕ್ಕನ ಸೈಟನ್ನೇ. ಮೂಡುಬಿದಿರೆಯಲ್ಲಿ ಇಂಥ ಸುದ್ದಿ ಒಂದು ಚಾ ಕುಡಿಯುವುದರೊಳಗೆ ಊರು ಸುತ್ತುತ್ತದೆ. ಅರ್ಧ ಗಂಟೆ ಪರದೆ ನೋಡುತ್ತಾ ಕುಳಿತೆ. ಕೊನೆಗೆ ಎಲ್ಲವನ್ನೂ ಅಳಿಸಿ ಹೀಗೆ ಬರೆದೆ: ‘ಕಳೆದ ಒಂಬತ್ತು ದಿನಗಳಲ್ಲಿ ನೀವು ಬರೆದದ್ದು ಅಕ್ಕನಿಗೆ ತಲುಪಿಲ್ಲ. ತಲುಪಿದೆ ಎಂದು ನಮ್ಮ ಪುಟ ಸುಳ್ಳು ಹೇಳಿತು. ಇದು ಸೈಟು ಮಾಡಿದ ನನ್ನ ತಪ್ಪು. ದಯವಿಟ್ಟು ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ.’ ಕೆಳಗೆ ನನ್ನ ಹೆಸರು ಹಾಕಿದೆ. ಇದೇ ಮಾತನ್ನು ಅಕ್ಕ ತಮಗೆ ಗುರುತಿದ್ದ ಆಶಾ ಕಾರ್ಯಕರ್ತೆಯರ ಮೊಬೈಲುಗಳಿಗೂ ಕಳಿಸಿದರು. ಹೆರಿಗೆಯಾದ ಮನೆಗಳಿಗೆ ಹೋಗಿ ಬರುವವರು ಅವರೇ ಅಲ್ಲವೇ?

ಮುಂದಿನ ನಾಲ್ಕು ದಿನ ನಾನು ಬೆಳಿಗ್ಗೆ ನರಿಕೊಂಬಿಗೆ ಹೋಗಿ ಸಂಜೆ ಮೂಡುಬಿದಿರೆಗೆ ಮರಳುತ್ತಿದ್ದೆ. ಫೋನ್ ತೆಗೆದು ಮೊದಲು ತಪ್ಪು ಒಪ್ಪಿಕೊಳ್ಳಬೇಕಾದವನು ನಾನು ಎಂದು ಅಕ್ಕನ ತೀರ್ಮಾನ. ಒಬ್ಬರು ಬೇರೆ ಕಡೆಯಿಂದ ಲೇಹ್ಯ ತರಿಸಿ ಆಗಿತ್ತು. ಒಬ್ಬರ ಗಂಡ ದುಬೈಯಿಂದ ಫೋನ್ ಮಾಡಿ ನನಗೆ ಬೈದು, ಕೊನೆಗೆ ತಾನೇ ಸುಸ್ತಾಗಿ ‘ಆಯ್ತು, ಅಕ್ಕನಿಗೆ ಕೊಡಿ’ ಎಂದರು. ವೇಣೂರಿನವರೂ ಸೇರಿ ಹತ್ತು ಮಂದಿ ಸಿಕ್ಕರು. ಒಬ್ಬೊಬ್ಬರು ಸಿಕ್ಕಾಗಲೂ ಲಾಗಿನ ಒಂದು ಸಾಲಿಗೆ ಗೀಟು ಹಾಕುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಹನ್ನೊಂದನೆಯ ಕರೆ ಬಂತು. ಅಕ್ಕ ಹಿತ್ತಿಲ ಒಲೆಯ ಹತ್ತಿರ ಇದ್ದರು. ಬೆಲ್ಲ ಪಾಕಕ್ಕೆ ಬರುವ ಹೊತ್ತು, ಆಗ ಸೌಟು ಬಿಟ್ಟು ಏಳುವ ಹಾಗಿಲ್ಲ. ಮಾತಾಡಿದವಳು ಬೆಳ್ತಂಗಡಿ ಕಡೆಯ ಹೆಣ್ಣುಮಗಳು. ತುಳುವಿನಲ್ಲೇ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆಶಾದವರು ತೋರಿಸಿದ್ರು. ನಾನು ಬರೆದದ್ದು ನಿಮಗೆ ಸಿಗ್ಲೇ ಇಲ್ವಾ?”

“ಇಲ್ಲ ಅಮ್ಮ. ನನ್ನ ತಪ್ಪು.”

“ಯಾರೂ ಓದ್ಲಿಲ್ಲ?”

“ಯಾರೂ ಓದ್ಲಿಲ್ಲ.”

ಅವಳು ಕೇಳಿದಳು, “ಓದಿ ಆದ ಮೇಲೆ ಬೇಡ ಅಂತ ಫೋನ್ ಮಾಡದೇ ಇದ್ದದ್ದು ಅಲ್ಲ, ಅಲ್ವಾ?”

“ಅಯ್ಯೋ, ಖಂಡಿತ ಅಲ್ಲ,” ಎಂದೆ. ಅಷ್ಟು ದಿನಗಳಲ್ಲಿ ಅರ್ಜಿಗಳನ್ನು ಫೋನಿನಲ್ಲೇ ಕೇಳಿ ಬರೆದುಕೊಂಡ ಅಭ್ಯಾಸ. ಪೆನ್ನು ತೆಗೆದು ಶುರು ಮಾಡಿದೆ. ಹೆರಿಗೆಯಾಗಿ ಎಷ್ಟು ದಿನ? ಇಪ್ಪತ್ತೆಂಟು. ಸಹಜವೋ ಆಪರೇಷನ್ನೋ? ಸಹಜ. ಮಗು ಎದೆಹಾಲು ಕುಡಿಯುತ್ತದಾ?

“ಅಲ್ಲಿ ಹೌದು, ಇಲ್ಲ ಅಂತ ಎರಡೇ ಉಂಟು,” ಎಂದಳು. “ನಾನು ಇಲ್ಲ ಅಂತ ಒತ್ತಿದೆ. ಒತ್ತದಿದ್ದರೆ ಮುಂದೆ ಹೋಗುವುದಿಲ್ಲ. ಮತ್ತೆ ಕೆಳಗೆ ಪೆಟ್ಟಿಗೆಯಲ್ಲಿ ಬರೆದಿದ್ದೆ.”

“ಎಂತ ಬರೆದಿದ್ರಿ?”

ಕೇಳಿದ ಮೇಲೆ ನನಗೆ ಹೊಳೆಯಿತು. ಆಗ ತಡವಾಗಿತ್ತು.

“ಅದನ್ನು ಪುನಃ ಹೇಳ್ಬೇಕಾ?” ಎಂದಳು. ಬೇಡ ಎನ್ನಲು ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು. “ಮಗು ಉಳಿಯಲಿಲ್ಲ. ಮಗು ಇಲ್ಲದವರಿಗೂ ಈ ಮದ್ದು ಕೊಡ್ತೀರಾ ಅಂತ ಕೇಳಿದ್ದೆ. ಮನೆಯಲ್ಲಿ ಯಾರ ಹತ್ತಿರವೂ ಕೇಳ್ಲಿಲ್ಲ. ಸಂಜೆ ಫೋನ್ ಬರ್ತದೆ ಅಂತ ಬಂತಲ್ಲ, ಅದಕ್ಕೆ ಕಾದೆ.”

ನಾನು ಫೋನ್ ಹಿಡಿದುಕೊಂಡು ಹಿತ್ತಿಲಿಗೆ ಓಡಿದೆ. ಏನು ಹೇಳಿದೆನೋ ನೆನಪಿಲ್ಲ. ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು ಫೋನ್ ತೆಗೆದುಕೊಂಡರು. ಅವಳು ಇನ್ನೊಮ್ಮೆ ಹೇಳಬೇಕಾಯಿತು. ಅಕ್ಕ ಪೂರ್ತಿ ಕೇಳಿಸಿಕೊಂಡರು.

“ಹೆತ್ತದ್ದು ನೀನಲ್ವಾ ಮಗಾ? ಮತ್ತೆ ನೀನು ಬಾಣಂತಿ ಅಲ್ಲದೆ ಬೇರೆ ಎಂತ?” ಎಂದರು. “ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಮನೆ ಎಲ್ಲಿ ಹೇಳು.”

ಸೌಟು ತಿರುಗಿಸುವುದು ನನಗೆ ಗೊತ್ತಿರಲಿಲ್ಲ. ಪಾಕ ತಳ ಹಿಡಿಯಿತು, ವಾಸನೆ ಬಂತು. ಅಕ್ಕ ಆ ಕಡೆ ನೋಡಲಿಲ್ಲ. ಫೋನಿನಲ್ಲಿ ಅಳುವ ಸದ್ದು ನಾನು ನಿಂತಲ್ಲಿಗೂ ಕೇಳುತ್ತಿತ್ತು. ಅವಳು ಅರ್ಜಿ ತುಂಬಿದ್ದು ನಾನು ಆ ಸಾಲು ಬರೆದ ಮರುದಿನ. ಹನ್ನೆರಡು ದಿನ ಅವಳು ಆ ಮನೆಯಲ್ಲಿ, ತಾನು ಕೇಳಬಾರದ್ದನ್ನು ಕೇಳಿದೆ ಎಂದುಕೊಂಡು ಕುಳಿತಿದ್ದಳು.

ಆಮೇಲೆ ಯಾರದ್ದೂ ಕರೆ ಬರಲಿಲ್ಲ. ಪ್ರಕಟಣೆಯನ್ನು ನಾನು ಇನ್ನೂ ತೆಗೆದಿಲ್ಲ. ಉಳಿದ ಆರು ಮಂದಿ ಆ ಪೆಟ್ಟಿಗೆಯಲ್ಲಿ ಏನು ಬರೆದಿದ್ದರು ಎಂದು ನಮಗೆ ಗೊತ್ತಿಲ್ಲ.